ರಕ್ಷಕ ಬಂದ, ಜನ ಎಲ್ಲಿದ್ದರು?



ಸೂಪರ್‌ಹೀರೋ ಸಿನಿಮಾಗಳಲ್ಲಿ ಕ್ರೈಸ್ತ ಸಂಕೇತಗಳು ಎಂಬ ವಿಷಯ ಹಟ್ಟಿಯಲ್ಲಿ ಯಾಕೆ ಎಂದು ಆಹ್ವಾನ ಪತ್ರಿಕೆ ನೋಡಿದ ಕೆಲವರು ಕೇಳಿದರಂತೆ. ಈ ವಿಷಯಕ್ಕೆ ಬೇಕಾದ ಸಾಮಾನೆಲ್ಲ ನಮ್ಮ ಆಜುಬಾಜಿನಲ್ಲೇ ಇದೆ ಎಂಬುದು ನನ್ನ ಉತ್ತರ. ಮುದಗಲ್ಲಿನಲ್ಲಿ ಆದಿಲಶಾಹಿ ಕಾಲದಷ್ಟು ಹಿಂದೆ ಗೋವೆಯ ಕಡೆಯಿಂದ ಬಂದ ಪಾದ್ರಿಗಳ ಮೂಲಕ ಬೇರುಬಿಟ್ಟ ಕ್ಯಾಥೊಲಿಕ್ ಸಮುದಾಯವಿದೆ. ಅದೇ ಮುದಗಲ್ಲಿನ ಮೊಹರಂ ನೋಡಲು ನಾಲ್ಕೂ ದಿಕ್ಕಿನ ಜನ ಗಂಟುಮೂಟೆ ಕಟ್ಟಿಕೊಂಡು ಬರುತ್ತಾರೆ. ಆ ಕಡೆ ಮಸ್ಕಿ. 1915ರಲ್ಲಿ ಚಿನ್ನದ ಜಾಡು ಹಿಡಿದು ಅಲೆಯುತ್ತಿದ್ದ ಗಣಿ ಇಂಜಿನಿಯರ್ ಬೀಡನ್‌ಗೆ ಅಶೋಕನ ಹೆಸರೇ ಇರುವ ಶಾಸನ ಸಿಕ್ಕ ಬಂಡೆ. ಈ ಕಡೆ ನಮ್ಮ ಕಾಲ ಕೆಳಗೆ ಚಿನ್ನದ ಗಣಿ. ಮೇಲಿನಿಂದ ಇಳಿದುಬಂದು ಕೆಳಗಿನವರನ್ನು ಎತ್ತುವ ರಕ್ಷಕನ ಕಥೆಯನ್ನು ಮಾತಾಡಲು ಇದಕ್ಕಿಂತ ಯೋಗ್ಯ ಜಾಗ ಎಲ್ಲಿದೆ?

ಮೊದಲು ಅಮೆರಿಕದ ಕಡೆಗೆ ಹೋಗಿ ಬರೋಣ. 2013ರ ‘ಮ್ಯಾನ್ ಆಫ್ ಸ್ಟೀಲ್’ ಚಿತ್ರದಲ್ಲಿ ಸೂಪರ್‌ಮ್ಯಾನ್ ಒಂದು ಚರ್ಚಿಗೆ ಹೋಗಿ ಕೂರುತ್ತಾನೆ. ಶತ್ರುವಿಗೆ ತನ್ನನ್ನು ಒಪ್ಪಿಸಿಕೊಳ್ಳಬೇಕೇ ಬೇಡವೇ ಎಂಬ ಗೊಂದಲ ಅವನದು. ಕ್ಯಾಮೆರಾ ಅವನ ಮುಖ ಹಿಡಿದಾಗ ಹಿಂದಿನ ಬಣ್ಣದ ಗಾಜಿನ ಕಿಟಕಿಯಲ್ಲಿ ಯೇಸು ಮೊಣಕಾಲೂರಿ ಪ್ರಾರ್ಥಿಸುತ್ತಿರುತ್ತಾನೆ. ಅದು ಗೆತ್ಸೆಮನೆ ತೋಟ, ಬಂಧನಕ್ಕೆ ಮುಂಚಿನ ರಾತ್ರಿ. ಸೂಪರ್‌ಮ್ಯಾನ್ ತನ್ನ ವಯಸ್ಸು 33 ಎಂದೂ ಹೇಳುತ್ತಾನೆ. ಯೇಸುವನ್ನು ಶಿಲುಬೆಗೇರಿಸಿದ್ದು ಅದೇ ವಯಸ್ಸಿನಲ್ಲಿ ಎಂಬುದು ರೂಢಿಯ ನಂಬಿಕೆ. ಇಷ್ಟು ಸಾಲದೆಂಬಂತೆ ಚಿತ್ರದ ಪ್ರಚಾರಕ್ಕಾಗಿ ಅಮೆರಿಕದ ಪಾದ್ರಿಗಳಿಗೆ ಪ್ರವಚನದ ಟಿಪ್ಪಣಿಗಳನ್ನೂ ತಯಾರಿಸಿ ಕೊಟ್ಟರು. ಭಾನುವಾರ ಬೆಳಿಗ್ಗೆ ಪ್ರವಚನ, ಸಂಜೆ ಟಿಕೆಟ್. ವ್ಯಾಪಾರಿ ಬುದ್ಧಿಗೆ ಶರಣು.

ಮೂರು ವರ್ಷದ ನಂತರ ಬಂದ ‘ಬ್ಯಾಟ್‌ಮ್ಯಾನ್ ವರ್ಸಸ್ ಸೂಪರ್‌ಮ್ಯಾನ್’ ಇನ್ನೂ ಮುಂದೆ ಹೋಯಿತು. ಅದು ತೆರೆಗೆ ಬಂದದ್ದು 2016ರ ಮಾರ್ಚ್ 25ರಂದು, ಅಂದರೆ ಆ ವರ್ಷದ ಶುಭ ಶುಕ್ರವಾರದಂದೇ. ಸೂಪರ್‌ಮ್ಯಾನ್ ಈಟಿ ಹಿಡಿದು ಹೋರಾಡಿ ಸಾಯುತ್ತಾನೆ. ದೇಹವನ್ನು ಮೇಲಿಂದ ಇಳಿಸಿ ಪ್ರೇಯಸಿಯ ತೊಡೆಯ ಮೇಲೆ ಮಲಗಿಸುವಾಗ ಮೇರಿಯ ಮಡಿಲಿನ ಯೇಸುವಿನ ಶಿಲ್ಪ ನೋಡಿದವರಿಗೆ ಏನನ್ನೂ ವಿವರಿಸಬೇಕಿಲ್ಲ. ಚಿತ್ರ ಮುಗಿಯುವಾಗ ಶವಪೆಟ್ಟಿಗೆಯ ಮೇಲಿನ ಮಣ್ಣು ಅಲುಗುತ್ತದೆ. ಮರುವರ್ಷದ ‘ಜಸ್ಟಿಸ್ ಲೀಗ್’ನಲ್ಲಿ ಪುನರುತ್ಥಾನ.

ತಮಾಷೆಯೆಂದರೆ, 1938ರಲ್ಲಿ ಸೂಪರ್‌ಮ್ಯಾನ್‌ನನ್ನು ಹುಟ್ಟಿಸಿದ ಜೆರ್ರಿ ಸೀಗಲ್ ಮತ್ತು ಜೋ ಶುಸ್ಟರ್ ಕ್ರೈಸ್ತರೇ ಅಲ್ಲ. ಇಬ್ಬರೂ ಯಹೂದಿ ವಲಸಿಗರ ಮಕ್ಕಳು. ಗ್ರಹ ನಾಶವಾಗುವ ಹೊತ್ತಿನಲ್ಲಿ ಕೂಸನ್ನು ಪುಟ್ಟ ನೌಕೆಯಲ್ಲಿಟ್ಟು ಕಳಿಸುವುದು, ಬೇರೆ ಜನ ಅದನ್ನು ಸಾಕುವುದು, ಇದೆಲ್ಲ ಬುಟ್ಟಿಯಲ್ಲಿ ತೇಲಿಬಂದ ಮೋಶೆಯ ಕಥೆಗೇ ಹತ್ತಿರ. ಕನ್ನಡದವರಿಗಾದರೆ ಪೆಟ್ಟಿಗೆಯಲ್ಲಿ ತೇಲಿಬಂದ ಕರ್ಣ ನೆನಪಾಗುತ್ತಾನೆ. 1978ರ ಸಿನಿಮಾದಲ್ಲಿ ಮರ್ಲಾನ್ ಬ್ರಾಂಡೋ ಆಕಾಶದ ತಂದೆಯಾಗಿ ನಿಂತು ತನ್ನ ಒಬ್ಬನೇ ಮಗನನ್ನು ಮನುಷ್ಯರ ಬಳಿಗೆ ಕಳಿಸುವ ಮಾತು ಆಡಿದಾಗ ಮೋಶೆ ಹಿಂದೆ ಸರಿದು ಯೇಸು ಮುಂದೆ ಬಂದ. ಅಲ್ಲಿಂದಾಚೆಗೆ ಹಾಲಿವುಡ್ ಆ ದಾರಿ ಬಿಡಲಿಲ್ಲ.

ಇವುಗಳಲ್ಲಿ ನನಗೆ ನಿಜವಾಗಿ ಇಷ್ಟವಾದ ದೃಶ್ಯ 2004ರ ‘ಸ್ಪೈಡರ್‌ಮ್ಯಾನ್ 2’ರದು. ಕನ್ನಡಕ್ಕೆ ಡಬ್ಬಿಂಗ್ ಇಲ್ಲದ ಆ ಕಾಲದಲ್ಲಿ ನಮ್ಮ ಭಾಗದ ಹುಡುಗರು ಇದನ್ನೆಲ್ಲ ತೆಲುಗಿನಲ್ಲೋ ಹಿಂದಿಯಲ್ಲೋ ನೋಡಿದವರು. ಬ್ರೇಕು ಕಿತ್ತುಹೋದ ರೈಲು ಓಡುತ್ತಿದೆ, ಮುಂದೆ ಹಳಿ ಮುಗಿಯುತ್ತದೆ. ಸ್ಪೈಡರ್‌ಮ್ಯಾನ್ ಎಂಜಿನ್ನಿನ ಮೂತಿಗೆ ಬೆನ್ನು ಕೊಟ್ಟು, ಎರಡೂ ಕೈಗಳಿಂದ ಅಕ್ಕಪಕ್ಕದ ಕಟ್ಟಡಗಳಿಗೆ ನೂಲು ಬಿಟ್ಟು, ತೋಳು ಚಾಚಿ ಎಳೆದು ಹಿಡಿಯುತ್ತಾನೆ. ಬಟ್ಟೆ ಹರಿಯುತ್ತದೆ. ಮುಖವಾಡ ಮೊದಲೇ ಹೋಗಿದೆ. ರೈಲು ನಿಂತ ಗಳಿಗೆಗೆ ಪ್ರಜ್ಞೆ ತಪ್ಪಿ ಮುಂದಕ್ಕೆ ವಾಲುತ್ತಾನೆ. ಆಗ ಒಡೆದ ಗಾಜಿನಿಂದ ಕೈಗಳು ಚಾಚುತ್ತವೆ, ಅವನನ್ನು ಹಿಡಿದು ಒಳಗೆಳೆದು ತಲೆಯ ಮೇಲೆ ಎತ್ತಿ, ಕೈಯಿಂದ ಕೈಗೆ ಸಾಗಿಸಿ, ನೆಲದ ಮೇಲೆ ಮೆಲ್ಲಗೆ ಮಲಗಿಸುತ್ತವೆ. ಅರೇ, ಇವನಿನ್ನೂ ಹುಡುಗ ಎಂದು ಜನ ಬೆರಗಾಗುತ್ತಾರೆ. ಇಬ್ಬರು ಮಕ್ಕಳು ಮುಖವಾಡ ತಂದು ಕೊಡುತ್ತಾರೆ. ಯಾರಿಗೂ ಹೇಳುವುದಿಲ್ಲ ಎಂದು ಮಾತು ಕೊಡುತ್ತಾರೆ. ಶಿಲುಬೆ ಇದೆ, ಶಿಲುಬೆಯಿಂದ ಇಳಿಸುವುದೂ ಇದೆ. ಸಂಕೇತವೆಂದು ಬೊಟ್ಟು ಮಾಡಿ ತೋರಿಸದೆಯೂ ಎದೆಗೆ ತಾಕುತ್ತದೆ.

ಆದರೂ ಇಲ್ಲೇ ಒಂದು ಅನುಮಾನ ಹುಟ್ಟುತ್ತದೆ, ಇಂದಿನ ಉಪನ್ಯಾಸ ಅದರ ಸುತ್ತಲೇ ಇದೆ. ಆ ರೈಲಿನೊಳಗಿನ ಜನ ಎಷ್ಟು ಒಳ್ಳೆಯವರು! ಮೂಲ ಕಥೆಯಲ್ಲಿ ಜನ ಹೀಗಿರಲಿಲ್ಲ. ಗರಿ ಬೀಸಿ ಜಯಕಾರ ಹಾಕಿ ಯೇಸುವನ್ನು ಊರೊಳಗೆ ಬರಮಾಡಿಕೊಂಡ ಊರೇ ಒಂದು ವಾರದೊಳಗೆ ಅವನನ್ನು ಕೊಲ್ಲಿರೆಂದು ಕೂಗಿತು. ಆಪ್ತ ಶಿಷ್ಯನೊಬ್ಬ ಬೆಳ್ಳಿ ನಾಣ್ಯಕ್ಕೆ ಹಿಡಿದುಕೊಟ್ಟ, ಇನ್ನೊಬ್ಬ ಬೆಂಕಿ ಕಾಯಿಸಿಕೊಳ್ಳುತ್ತಾ ಅವನಾರೋ ಗೊತ್ತಿಲ್ಲವೆಂದ. ಕ್ಯಾಥೊಲಿಕ್ ಚರ್ಚುಗಳಲ್ಲಿ ಶುಭ ಶುಕ್ರವಾರದ ದಿನ ಯಾತನೆಯ ಕಥೆಯನ್ನು ಪಾತ್ರ ಹಂಚಿಕೊಂಡು ಓದುವ ಪದ್ಧತಿಯಿದೆ. ಯೇಸುವಿನ ಮಾತು ಗುರುಗಳದು, ಕಥೆ ಹೇಳುವವರು ಬೇರೆ. ಜನರ ಗುಂಪಿನ ಮಾತು ಯಾರದು? ಬೆಂಚಿನ ಮೇಲೆ ಕೂತ ಭಕ್ತರದು. ಬೆಳಿಗ್ಗೆಯಿಂದ ಉಪವಾಸವಿದ್ದು ಕಣ್ಣೀರು ತುಂಬಿಕೊಂಡು ಬಂದವರೇ ಅವನನ್ನು ಶಿಲುಬೆಗೆ ಹಾಕಿರೆಂದು ಗಟ್ಟಿಯಾಗಿ ಓದಬೇಕು. ಕೊಂದವರು ಯಾರೋ ರೋಮಿನವರು ಎಂದು ಕೈತೊಳೆದುಕೊಳ್ಳುವ ಅವಕಾಶವನ್ನು ಆ ಪದ್ಧತಿ ಕೊಡುವುದಿಲ್ಲ. ನನ್ನ ಮಟ್ಟಿಗೆ ಜಗತ್ತಿನ ರಂಗಭೂಮಿ ಕಂಡುಹಿಡಿದ ಅತಿ ಕಠಿಣ ತಂತ್ರ ಇದು.

ಈಗ ಮುದಗಲ್ಲಿನ ಇನ್ನೊಂದು ಓಣಿಗೆ ಬನ್ನಿ. ಕರ್ಬಲಾದ ಕಥೆ ನಮ್ಮ ಭಾಗದ ಎಲ್ಲ ಜಾತಿಯವರಿಗೂ ಗೊತ್ತು. ಅಲಾಯಿ ಕುಣಿ ತೋಡುವಾಗ, ಚೊಂಗೆ ಮಾಡುವಾಗ, ಹರಕೆ ಹೊತ್ತು ಫಕೀರರಾಗುವಾಗ ಇದು ಯಾರ ಹಬ್ಬವೆಂದು ಹಳ್ಳಿಯಲ್ಲಿ ಯಾರೂ ಕೇಳುವುದಿಲ್ಲ. ಕ್ರಿ.ಶ. 680ರಲ್ಲಿ ಹುಸೇನರು ಬೆರಳೆಣಿಕೆಯ ಸಂಗಾತಿಗಳೊಂದಿಗೆ ದೊಡ್ಡ ಸೈನ್ಯದ ಎದುರು ನೀರಿಲ್ಲದೆ ಹೋರಾಡಿ ಸತ್ತರು. ಆದರೆ ಅವರು ಆ ಬಯಲಿಗೆ ಬಂದದ್ದಾದರೂ ಯಾಕೆ? ಕೂಫಾ ಎಂಬ ಊರಿನ ಜನ, ಬನ್ನಿ, ನಾವಿದ್ದೇವೆ ಎಂದು ಪತ್ರದ ಮೇಲೆ ಪತ್ರ ಬರೆದಿದ್ದರು. ಹೊತ್ತು ಬಂದಾಗ ಬಾಗಿಲು ಹಾಕಿಕೊಂಡರು. ಹುಸೇನರು ಹೋದ ಮೇಲೆ ಅದೇ ಊರಿನ ಕೆಲವರು ಪಶ್ಚಾತ್ತಾಪದಿಂದ ಕತ್ತಿ ಹಿಡಿದು ಹೊರಟು ತಾವೂ ಸತ್ತರು. ಮೊಹರಂನ ಶೋಕದೊಳಗೆ ಈ ಕೂಫಾ ಅಡಗಿ ಕೂತಿದೆ. ರಿವಾಯತ್ ಹಾಡುವವರ ದನಿ ಒಡೆಯುವುದು ಶತ್ರುವಿನ ಕ್ರೌರ್ಯಕ್ಕಷ್ಟೇ ಎಂದು ನನಗನ್ನಿಸುವುದಿಲ್ಲ. ಕೈಬಿಟ್ಟವರಲ್ಲಿ ನಾವೂ ಇದ್ದೆವೇನೋ ಎಂಬ ಅಳುಕೂ ಅದರಲ್ಲಿ ಕೇಳಿಸುತ್ತದೆ.

ಹಾಗೆ ನೋಡಿದರೆ ಒಂದೇ ಊರಿನ ಎರಡು ಓಣಿಗಳಲ್ಲಿ, ಎರಡು ಧರ್ಮಗಳ ಹೆಸರಿನಲ್ಲಿ, ವರ್ಷಕ್ಕೊಮ್ಮೆ ಒಂದೇ ಪಾಠ ನಡೆಯುತ್ತದೆ. ರಕ್ಷಕ ಸಾಯುವುದು ರಾಕ್ಷಸನಿಂದ ಮಾತ್ರವಲ್ಲ, ಜನರ ಹಿಂಜರಿಕೆಯಿಂದಲೂ. ನಮ್ಮ ಜನಪದದ ‘ಕೆರೆಗೆ ಹಾರ’ದಲ್ಲೂ ಭಾಗೀರಥಿಯನ್ನು ಕೆರೆಗೆ ಕೊಟ್ಟವರು ಹೊರಗಿನವರಲ್ಲ, ಮಾವನ ಮನೆಯವರೇ. ಸೂಪರ್‌ಹೀರೋ ಸಿನಿಮಾಗಳು ಶಿಲುಬೆಯ ಭಂಗಿ, 33ರ ವಯಸ್ಸು, ಮಡಿಲು, ಮಣ್ಣು ಅಲುಗುವುದು ಎಲ್ಲವನ್ನೂ ಎತ್ತಿಕೊಂಡು, ಜನರ ಪಾಲಿನ ಪಾಪವೊಂದನ್ನು ಮಾತ್ರ ಜಾಣತನದಿಂದ ಬಿಟ್ಟವು. ‘ಬ್ಯಾಟ್‌ಮ್ಯಾನ್ ವರ್ಸಸ್ ಸೂಪರ್‌ಮ್ಯಾನ್’ನಲ್ಲಿ ಊರು ಸೂಪರ್‌ಮ್ಯಾನ್‌ನನ್ನು ಅನುಮಾನಿಸುತ್ತದೆ, ಅವನ ಪ್ರತಿಮೆಯ ಮೇಲೆ ಸುಳ್ಳು ದೇವರೆಂದು ಬರೆಯುತ್ತದೆ. ಒಳ್ಳೆಯ ಆರಂಭ. ಅಷ್ಟರಲ್ಲಿ ಎಲ್ಲದರ ಹಿಂದೆ ಲೂಥರ್ ಎಂಬ ಖಳನ ಕುತಂತ್ರವಿದೆಯೆಂದು ಹೇಳಿ ಜನರನ್ನು ಖುಲಾಸೆ ಮಾಡಿಬಿಡುತ್ತಾರೆ. ಟಿಕೆಟ್ ಕೊಂಡವನನ್ನು ಆರೋಪಿಯ ಕಟಕಟೆಯಲ್ಲಿ ನಿಲ್ಲಿಸಿದರೆ ಮುಂದಿನ ಭಾಗಕ್ಕೆ ಬರುತ್ತಾನೆಯೇ?

ನಮ್ಮ ಸಿನಿಮಾದ ನಾಯಕನ ವಂಶಾವಳಿ ಬೇರೆ ಎಂದು ಯಾರಾದರೂ ಹೇಳಬಹುದು. ಅವನು ರಾಮ, ಕೃಷ್ಣ, ಭೀಮರ ಕುಲದವನು, ಅವನಿಗೂ ಶಿಲುಬೆಗೂ ಏನು ಸಂಬಂಧ ಎಂದು. ಸಂಬಂಧ ಬುಡದಲ್ಲೇ ಇದೆ. 1910ರ ಕ್ರಿಸ್ಮಸ್ ಹೊತ್ತಿನಲ್ಲಿ ದಾದಾಸಾಹೇಬ್ ಫಾಲ್ಕೆ ಮುಂಬಯಿಯ ಒಂದು ಚಿತ್ರಮಂದಿರದಲ್ಲಿ ಯೇಸುವಿನ ಜೀವನದ ಮೂಕಿ ಚಿತ್ರ ನೋಡಿದರು. ಪರದೆಯ ಮೇಲೆ ಕ್ರಿಸ್ತ ಓಡಾಡುತ್ತಿದ್ದಾಗ ಅವರ ಮನಸ್ಸಿನ ಕಣ್ಣಿಗೆ ಕೃಷ್ಣ, ರಾಮ, ಗೋಕುಲ, ಅಯೋಧ್ಯೆ ಕಾಣಿಸಿದವೆಂದು ಅವರೇ ಬರೆದಿದ್ದಾರೆ. ಆ ಹುಚ್ಚಿನಿಂದ 1913ರ ‘ರಾಜಾ ಹರಿಶ್ಚಂದ್ರ’ ಬಂತು, 1919ರಲ್ಲಿ ಮಗಳು ಮಂದಾಕಿನಿಯನ್ನೇ ಬಾಲಕೃಷ್ಣನಾಗಿಸಿದ ‘ಕಾಲಿಯ ಮರ್ದನ’ ಬಂತು. ಭಾರತದ ಪೌರಾಣಿಕ ಸಿನಿಮಾ ಹುಟ್ಟಿದ್ದು ಕ್ರಿಸ್ತನ ಸಿನಿಮಾ ನೋಡಿದ ಕಣ್ಣಿನಲ್ಲಿ.

ಸಾಲವನ್ನು ನಾವು ಬಡ್ಡಿಸಮೇತ ತೀರಿಸಿಯೂ ಇದ್ದೇವೆ. ಗಡಿಯಾಚೆಯ ತೆಲುಗಿನವರು 1978ರಲ್ಲಿ ‘ಕರುಣಾಮಯುಡು’ ಮಾಡಿದರು, ಯೇಸುವಾಗಿ ವಿಜಯಚಂದರ್. ಯೇಸುವಿನ ಜೀವನವನ್ನು ಪೂರಾ ನಮ್ಮ ಭಕ್ತಿ ಚಿತ್ರಗಳ ಧಾಟಿಯಲ್ಲಿ, ಹಾಡು, ಪವಾಡ, ದರ್ಶನಗಳ ಸಮೇತ ಕಟ್ಟಿದ ಚಿತ್ರ ಅದು. ಹಲವು ಭಾರತೀಯ ಭಾಷೆಗಳಿಗೆ ಡಬ್ ಆಗಿ, ಪ್ರೊಜೆಕ್ಟರ್ ಹೊತ್ತ ಧರ್ಮಪ್ರಚಾರಕರ ಜೊತೆ ಹಳ್ಳಿಹಳ್ಳಿ ತಿರುಗಿತು. ಅದೇ ವಿಜಯಚಂದರ್ 1986ರಲ್ಲಿ ಶಿರಡಿ ಸಾಯಿಬಾಬಾ ಆದರು, ಜನ ಆಗಲೂ ಕೈಮುಗಿದರು. ನಮ್ಮ ಪ್ರೇಕ್ಷಕರಿಗೆ ಇದರಲ್ಲಿ ಒಂಚೂರೂ ವಿರೋಧಾಭಾಸ ಕಾಣಲಿಲ್ಲ.

ಈಗ ನೀವೆಲ್ಲ ಕಾಯುತ್ತಿರುವ ಸಿನಿಮಾ. 2018ರ ಡಿಸೆಂಬರಿನಲ್ಲಿ ‘ಕೆಜಿಎಫ್’ ಮೊದಲ ಭಾಗ, 2022ರ ಏಪ್ರಿಲ್‌ನಲ್ಲಿ ಎರಡನೆಯದು. ಯಶ್‌ನ ರಾಕಿ ಹಾರುವುದಿಲ್ಲ, ಎದೆಯ ಮೇಲೆ ಅಕ್ಷರವಿಲ್ಲ, ಆದರೂ ಕನ್ನಡ ಕಂಡ ಅತಿ ದೊಡ್ಡ ಸೂಪರ್‌ಹೀರೋ ಅವನೇ. ಕಥೆಯ ಎಲುಬು ನೋಡಿ. 1951ರಲ್ಲಿ ಕೋಲಾರದ ನೆಲದಲ್ಲಿ ಹೊಸ ಚಿನ್ನದ ಕುರುಹು ಸಿಕ್ಕ ದಿನವೇ ಅವನು ಹುಟ್ಟುತ್ತಾನೆ. ಬೆತ್ಲೆಹೇಮಿನಲ್ಲಿ ನಕ್ಷತ್ರ, ಇಲ್ಲಿ ಚಿನ್ನದ ಕಲ್ಲು. ಬಡ ತಾಯಿ, ಅವಳಿಗೆ ಕೊಟ್ಟ ಮಾತು. ದೊಡ್ಡವನಾಗಿ ನರಾಚಿ ಎಂಬ ನರಕಕ್ಕೆ ತಾನಾಗಿ ಇಳಿದು ಜೀತದಾಳುಗಳ ನಡುವೆ ಒಬ್ಬನಾಗುತ್ತಾನೆ. ಕುರುಡ ಮುದುಕನೊಬ್ಬನನ್ನು ಕೊಲ್ಲಲು ಬಂದ ಕಾವಲುಗಾರರ ಮೇಲೆ ಎರಗುತ್ತಾನೆ. ಕೊನೆಗೆ ದೇವಿಯ ಎದುರು ಬಲಿಗೆ ನಿಲ್ಲಿಸಿದವರ ಜಾಗದಲ್ಲಿ ತಾನು ನಿಂತು ಖಳನಾಯಕ ಗರುಡನ ತಲೆ ಉರುಳಿಸುತ್ತಾನೆ.

ಈ ಕೊನೆಯ ದೃಶ್ಯವನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಬಲಿಪಶುವಿನ ಜಾಗದಲ್ಲಿ ರಕ್ಷಕ ನಿಲ್ಲುವವರೆಗೆ ಅದು ಕ್ರಿಸ್ತನ ಕಥೆ. ಮುಖ ಎತ್ತಿದ ಕ್ಷಣದಿಂದ ಕಂಬ ಸೀಳಿ ಬಂದ ನರಸಿಂಹನ ಕಥೆ. ಒಂದೇ ಹೊಡೆತಕ್ಕೆ ಕಥೆ ಧರ್ಮ ಬದಲಿಸುತ್ತದೆ, ಚಿತ್ರಮಂದಿರದಲ್ಲಿ ಶಿಳ್ಳೆ ಏಳುವುದೂ ಆ ಬದಲಾವಣೆಗೇ. ನಿರ್ದೇಶಕ ಪ್ರಶಾಂತ್ ನೀಲ್ ಅವರ ಕಸುಬುದಾರಿಕೆಯ ಬಗ್ಗೆ ನನಗೆ ಗೌರವವಿದೆ. ಆದರೆ ಇಡೀ ಕಥೆಯಾಗಿ ‘ಕೆಜಿಎಫ್’ ಮೋಶೆಗೇ ಹೆಚ್ಚು ಹತ್ತಿರ. ಮೋಶೆಯೂ ಮೊದಲು ಮಾಡಿದ್ದು ಜೀತದವನನ್ನು ಹೊಡೆಯುತ್ತಿದ್ದ ಮೇಸ್ತ್ರಿಯನ್ನು ಕೊಂದದ್ದು. ಮೋಶೆಯೂ ತನ್ನ ಜನಕ್ಕೆ ತೋರಿಸಿದ ನಾಡನ್ನು ತಾನು ಸೇರಲಿಲ್ಲ. ಚಿನ್ನದ ಹೋರಿ ಮಾಡಿ ಪೂಜಿಸಿದ ಜನರ ಮೇಲೆ ಸಿಡಿದೆದ್ದು ಮೋಶೆ ಅದನ್ನು ಸುಟ್ಟು ಪುಡಿಮಾಡಿದ. ರಾಕಿ ಚಿನ್ನದೊಂದಿಗೇ ಸಮುದ್ರದಲ್ಲಿ ಮುಳುಗಿದ. ನಡುವೆ ಅಗೆತ ನಿಂತಿತೇ? ಇಲ್ಲ, ಇನ್ನಷ್ಟು ಜೋರಾಯಿತು. ಬಿಡುಗಡೆಯಾದ ಮೇಲೂ ಆ ಜನ ಗುದ್ದಲಿ ಕೆಳಗಿಡಲಿಲ್ಲ, ಈಗ ಭಯದ ಬದಲು ಭಕ್ತಿಯಿಂದ ಅಗೆದರು. ಗಣಿ ಊರಿನವರಾದ ನಿಮಗೆ ಇದು ಕಣ್ಣಿಗೆ ಕುಕ್ಕದಿದ್ದರೆ ಆಶ್ಚರ್ಯ.

ಗಣಿಯ ಮಾತು ಬಂದದ್ದರಿಂದ ಒಂದು ಆಕ್ಷೇಪ. ಆ ಚಿತ್ರದ ಗಣಿಯಲ್ಲಿ ಚಿನ್ನ ಗಟ್ಟಿಗಟ್ಟಿಯಾಗಿ ಸಿಗುತ್ತದೆ. ಮಲ್ಲಪ್ಪ ಶಾಫ್ಟ್‌ನ ಕೇಜಿನಲ್ಲಿ ಇಳಿದವರಿಗೆ ಗೊತ್ತು, ಟನ್ನುಗಟ್ಟಲೆ ಕಲ್ಲು ಮೇಲೆ ಬಂದು, ಗಿರಣಿಯಲ್ಲಿ ಹಿಟ್ಟಾಗಿ, ಸೈನೈಡ್ ದ್ರಾವಣದಲ್ಲಿ ಕರಗಿ, ಆಮೇಲೆ ಟನ್ನಿಗೆ ಕೆಲವೇ ಗ್ರಾಂ ಕೈಗೆ ಹತ್ತುತ್ತದೆ. ‘ಕೆಜಿಎಫ್’ ಚಿತ್ರದ ಸೆಟ್ ಹಾಕಿದ್ದು ಕೋಲಾರದ ಸೈನೈಡ್ ದಿಬ್ಬಗಳ ಮೇಲೆ, ಅಂದರೆ ಹೀಗೆ ಹಿಂಡಿ ಬಿಸಾಕಿದ ಪುಡಿಯ ರಾಶಿಯ ಮೇಲೆ. ನಾಯಕ ನಿಂತ ನೆಲವೇ ಸಾವಿರಾರು ಅನಾಮಿಕರ ದುಡಿಮೆ; ಅವರ ಹೆಸರು ಮಾತ್ರ ಕಥೆಯಲ್ಲಿಲ್ಲ. ನಿಜವಾದ ಕೋಲಾರದ ಗಣಿ ಕಾರ್ಮಿಕರು ರಕ್ಷಕನಿಗಾಗಿ ಕಾದು ಕೂತವರಲ್ಲ. 1930ರಲ್ಲೇ, ಕಂಪನಿ ತಮ್ಮ ಬೆರಳಚ್ಚು ತೆಗೆದುಕೊಳ್ಳಲು ಬಂದಾಗ, ಕೈ ಕೊಡುವುದಿಲ್ಲವೆಂದು ಮುಷ್ಕರ ಹೂಡಿದವರು. ಅವರ ಕಾಲೊನಿಗಳಲ್ಲಿ ಚರ್ಚೂ ಇತ್ತು, ಮಾರಿಯಮ್ಮನ ಗುಡಿಯೂ ಇತ್ತು, ಸಂಘವೂ ಇತ್ತು. ಸಿನಿಮಾ ಗುಡಿಯನ್ನು ಉಳಿಸಿಕೊಂಡು ಉಳಿದೆರಡನ್ನು ಕೈಬಿಟ್ಟಿತು.

ಕನ್ನಡ ಸಿನಿಮಾದಲ್ಲಿ ಈ ರಕ್ಷಕನ ಕಥೆಗೆ ಬೇರೆಯೇ ಒಂದು ಜಾಡೂ ಇದೆ. 1954ರ ‘ಬೇಡರ ಕಣ್ಣಪ್ಪ’ದಲ್ಲಿ ರಾಜ್‌ಕುಮಾರ್ ಮೊದಲ ಬಾರಿಗೆ ನಾಯಕರಾದರು, ಶಿವನಿಗೆ ಕಣ್ಣು ಕಿತ್ತು ಕೊಟ್ಟರು. ಅಲ್ಲಿ ಕೊಡುವವನು ಕೆಳಗಿನವನು, ತೆಗೆದುಕೊಳ್ಳುವವನು ದೇವರು. ಶಿಲುಬೆಯ ದಿಕ್ಕಿಗೆ ಪೂರಾ ತಿರುವುಮುರುವು. 2006ರಲ್ಲಿ ರಾಜ್ ತೀರಿಕೊಂಡಾಗ ಅವರ ಕಣ್ಣು ದಾನವಾಯಿತು. 2021ರ ಅಕ್ಟೋಬರ್ 29ರಂದು ಮಗ ಪುನೀತ್ ಹೋದಾಗ ಅವರದೂ ಆಯಿತು. ಆಮೇಲೆ ಹಳ್ಳಿಹಳ್ಳಿಯಲ್ಲಿ ಅಭಿಮಾನಿಗಳು ನೇತ್ರದಾನದ ಅರ್ಜಿಗೆ ಸಹಿ ಹಾಕಿದರು. ಪುನೀತ್ ತೀರಿಕೊಂಡ ಮರುವರ್ಷ ಬಿಡುಗಡೆಯಾದ ‘ಲಕ್ಕಿ ಮ್ಯಾನ್’ನಲ್ಲಿ ಅವರು ದೇವರ ಪಾತ್ರದಲ್ಲಿ ಬಂದಾಗ ಆರತಿ ಎತ್ತಿದವರ ಬಗ್ಗೆ ನಾನು ನಗಲಾರೆ. ಆರತಿ ಎತ್ತಿದ ಆ ಕೈಗಳಲ್ಲಿ ಕೆಲವು ಅರ್ಜಿಗೂ ಸಹಿ ಹಾಕಿದ್ದವು. ಇಲ್ಲಿ ಜನ ಬರೀ ನೋಡುತ್ತಾ ನಿಲ್ಲಲಿಲ್ಲ.

ಜನರನ್ನು ಕಟಕಟೆಗೆ ಎಳೆದ ಸೂಪರ್‌ಹೀರೋ ಸಿನಿಮಾ ಒಂದಾದರೂ ಇದೆಯೇ? ಇದೆ, ಕನ್ನಡದಲ್ಲೂ ನೋಡಲು ಸಿಗುತ್ತದೆ. 2021ರ ಕ್ರಿಸ್ಮಸ್‌ನ ಹಿಂದಿನ ದಿನ ಬಂದ ಬೇಸಿಲ್ ಜೋಸೆಫ್ ಅವರ ಮಲಯಾಳಂ ಚಿತ್ರ ‘ಮಿನ್ನಲ್ ಮುರಳಿ’. ಕುರುಕ್ಕನ್‌ಮೂಲ ಎಂಬ ಊರಿನ ದರ್ಜಿ ಹುಡುಗ ಜೇಸನ್‌ಗೆ ಸಿಡಿಲು ಬಡಿದು ಶಕ್ತಿ ಬರುತ್ತದೆ. ಅದೇ ಹೊತ್ತಿಗೆ ಚಹಾದಂಗಡಿಯ ಶಿಬು ಎಂಬವನಿಗೂ ಬರುತ್ತದೆ. ಶಿಬುವನ್ನು ಊರು ಹುಚ್ಚನೆಂದು ದೂರ ಇಟ್ಟಿದೆ. ಅವನಿಗಿರುವ ಆಸೆ ಒಂದೇ, ಚಿಕ್ಕಂದಿನಿಂದ ಪ್ರೀತಿಸಿದ ಉಷಾ. ಆಕೆ ಕೊನೆಗೂ ಒಪ್ಪುತ್ತಾಳೆ. ಶಿಬುವಿನ ಪಾತ್ರ ಮಾಡಿದ ಗುರು ಸೋಮಸುಂದರಂ ಆ ಒಪ್ಪಿಗೆ ಕೇಳಿಸಿಕೊಳ್ಳುವಾಗ ನಗಬೇಕೋ ಅಳಬೇಕೋ ತಿಳಿಯದೆ ಮುಖ ಅದುರಿಸುತ್ತಾರಲ್ಲ, ಅದು ಯಾವ ಗ್ರಾಫಿಕ್ಸಿಗೂ ನಿಲುಕದ್ದು. ಊರವರು ಹಚ್ಚಿದ ಬೆಂಕಿಯಲ್ಲಿ ಉಷಾ ಸಾಯುತ್ತಾಳೆ. ಅಲ್ಲಿಂದ ಶಿಬು ಊರನ್ನೇ ಸುಡಲು ಹೊರಡುತ್ತಾನೆ. ಈ ಚಿತ್ರದಲ್ಲಿ ತಿರಸ್ಕಾರ, ಒಂಟಿತನ, ಗುಂಪಿನ ಏಟು ಎಲ್ಲ ಬಿದ್ದದ್ದು ಖಳನ ಮೇಲೆ. ಜೇಸನ್ ಕಾಪಾಡುವ ಜನ ನಿರಪರಾಧಿಗಳಲ್ಲ, ಕಾಪಾಡುವಾಗ ಅದು ನಮಗೆ ಮರೆಯುವುದೂ ಇಲ್ಲ. ಇದರ ಚಿತ್ರೀಕರಣಕ್ಕೆಂದು ಕಾಲಡಿಯಲ್ಲಿ ಪೆರಿಯಾರ್ ದಂಡೆಯ ಮೇಲೆ ಕಟ್ಟಿದ್ದ ಚರ್ಚಿನ ಸೆಟ್ಟನ್ನು 2020ರ ಮೇ ತಿಂಗಳಲ್ಲಿ ಒಂದು ಗುಂಪು ಒಡೆದುಹಾಕಿತು. ಕಥೆಯೊಳಗಿನ ಗುಂಪು ಚಿತ್ರ ಮುಗಿಯುವ ಮೊದಲೇ ಹೊರಗೆ ಬಂದಿತ್ತು.

‘ಕೆಜಿಎಫ್’ ಎರಡನೆಯ ಭಾಗ ಮೂರನೆಯದರ ಸುಳಿವು ಕೊಟ್ಟು ಮುಗಿಯಿತು. ಸಮುದ್ರದಿಂದ ರಾಕಿ ಎದ್ದು ಬರುತ್ತಾನೆಂದು ಇಲ್ಲಿನ ಹುಡುಗರು ಪಣ ಕಟ್ಟಿ ಹೇಳುತ್ತಾರೆ. ಸೂಪರ್‌ಮ್ಯಾನ್ ಎದ್ದ ಮೇಲೆ ಇವನು ಏಳದಿರಲು ಕಾರಣವೇನೂ ಇಲ್ಲ. ಎದ್ದು ಬರಲಿ. ಆದರೆ ಅವನು ಇಲ್ಲದ ದಿನಗಳಲ್ಲಿ ನರಾಚಿಯ ಜನ ಏನು ಮಾಡಿದರೆಂದು ಅರ್ಧ ತಾಸಾದರೂ ತೋರಿಸಿ ಎಂದು ನಿರ್ದೇಶಕರಲ್ಲಿ ನನ್ನ ಬೇಡಿಕೆ. ಒಂದು ಕಾರ್ಮಿಕ ಸಂಘ ಇರಲಿ, ಅದಕ್ಕೊಂದು ಕಚೇರಿ, ಗೋಡೆ ತುಂಬ ಪೋಸ್ಟರು, ಚಹಾದಂಗಡಿಯಲ್ಲಿ ಎರಡು ಬಣದ ಜಗಳ, ಹಟ್ಟಿಯಲ್ಲಿ ಸಂಘದ ಚುನಾವಣೆ ಬಂದಾಗ ಇರುವ ಗದ್ದಲವೆಲ್ಲ ಅಲ್ಲೂ ಇರಲಿ. ರಾಕಿ ಅಧ್ಯಕ್ಷ ಸ್ಥಾನಕ್ಕೆ ನಿಂತು ಸೋತರೂ ನನ್ನ ಅಭ್ಯಂತರವಿಲ್ಲ.